ಬಾಣಂತಿಯ ಕಿವಿಯ ಹತ್ತಿ

ಗಾವಡಗೆರೆ
೮ ಜುಲೈ ೧೯೩೬

ಯಜಮಾನರಿಗೆ,

ಪಾದಕ್ಕೆ ನಮಸ್ಕಾರ ಎಂದು ಮೊದಲು ಬರೆಯಬೇಕೆಂದು ನೀವೇ ಸ್ಲೇಟು ಹಿಡಿಸಿ ಕಲಿಸಿದ್ದೀರಿ. ಬರೆದಿದ್ದೇನೆ. ಇನ್ನು ನನ್ನ ಮಾತು.

ನಾನು ಚೆನ್ನಾಗಿದ್ದೇನೆ. ನಿಮ್ಮ ಮಗಳೂ ಚೆನ್ನಾಗಿದ್ದಾಳೆ. ಹೆಣ್ಣು ಎಂದು ಅಣ್ಣ ಹೇಳಿ ಕಳಿಸಿದಾಗ ನಿಮ್ಮ ಮುಖ ಹೇಗಿತ್ತು ಎಂದು ನೋಡುವ ಆಸೆಯಿತ್ತು. ಮೂಗಂತೂ ನಿಮ್ಮದೇ. ಸೂಲಗಿತ್ತಿ ಮರಮ್ಮ ಕೂಸನ್ನು ಎತ್ತಿ ಹಿಡಿದವಳೇ, "ಅಯ್ಯೋ, ಮೇಷ್ಟ್ರ ಮೂಗ್ನೇ ಕಿತ್ತು ಅಂಟ್ಸವ್ಳೆ ಕಣವ್ವಾ!" ಅಂದಳು. ಅಳುವುದಕ್ಕೆ ಶುರುಮಾಡಿದರೆ ಕೆರೆ ಏರಿಯ ಮೇಲೆ ಹೋಗುವವರು ನಿಂತು ಕೇಳುತ್ತಾರಂತೆ. ಆ ಗಂಟಲು ಯಾರದು ಎಂದು ನಿಮ್ಮ ಶಾಲೆಯ ಹುಡುಗರನ್ನು ಕೇಳಿದರೆ ಹೇಳಿಯಾರು.

ಬಾಣಂತಿಯ ವೈಭೋಗ ಕೇಳಿ. ಕಿಟಕಿ ಮುಚ್ಚಿದೆ. ಮಂಚದ ಕೆಳಗೆ ಕೆಂಡ. ಊಟಕ್ಕೆ ಮೆಣಸಿನ ಸಾರು, ತುಪ್ಪ, ಮತ್ತೆ ಮೆಣಸಿನ ಸಾರು. ಎರಡೂ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಗಂಟನ್ನು ಅವ್ವನೇ ಹಾಕುತ್ತಾಳೆ. "ಗಾಳಿ ಒಕ್ಕಂಡ್ರೆ ಸಾಯೋಗಂಟ ತಲೆನೋವು ಬುಡಾಕಿಲ್ಲ ಕಣೇ" ಎಂದು ದಿನಕ್ಕೊಂದು ಸಲ ಹೆದರಿಸುತ್ತಾಳೆ.

ಒಂದು ಸಂಗತಿ ಇದೆ, ನೀವು ಗಾಬರಿಯಾಗಬೇಡಿ. ಮೊನ್ನೆ ಬೆಳಿಗ್ಗೆ ನೀರು ಹುಯ್ಯಿಸಿಕೊಂಡು ಏಳುವಾಗ ಕೋಣೆಯೇ ತಿರುಗಿದ ಹಾಗಾಯಿತು. ಗೋಡೆ ಹಿಡಿದು ಕೂತೆ. ಆಗಿನಿಂದ ಎಡಗಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಕೂಗುತ್ತಿದೆ, ಬೇರೆ ಏನು ಕೇಳಬೇಕಾದರೂ ಯಾರಾದರೂ ಹತ್ತಿರ ಬಂದು ಕೂಗಬೇಕು. ಬಲಗಿವಿ ದಡಾರವಾದಾಗಲೇ ಹೋಗಿದೆ ಎಂದು ನಿಮಗೆ ಗೊತ್ತು. ದಾರಿಯಲ್ಲಿ ನೀವು ಯಾವಾಗಲೂ ನನ್ನ ಎಡಗಡೆಗೆ ಬಂದು ನಡೆಯುತ್ತೀರಲ್ಲ. ಅವ್ವನಿಗೆ ಹೇಳಿದರೆ ಕಿವಿಗೆ ಬಾಯಿಟ್ಟು, "ಅತ್ತಿ ಮಡಗಿದ್ರೆ ಇನ್ನೆಂಗೆ ಕೇಳಿಸ್ತದೆ? ಸುಮ್ಕೆ ಬಿದ್ಕೊ" ಅಂದಳು. ಅವಳು ಆಚೆ ಹೋದಾಗ ಹತ್ತಿ ತೆಗೆದು ನೋಡಿದೆ. ಹಾಗೇ ಇತ್ತು.

ಇರಲಿ, ಸರಿಹೋಗುತ್ತದೆ. ನಿಮ್ಮ ಹೆಗ್ಗಡದೇವನಕೋಟೆಯಲ್ಲಿ ಚಳಿಜ್ವರ ಹೆಚ್ಚಿದೆಯಂತೆ, ಸೊಳ್ಳೆಗೆ ಹೊಗೆ ಹಾಕಿಕೊಂಡು ಮಲಗಿ.

ನಿಮ್ಮ
ಸಿದ್ದಲಿಂಗಮ್ಮ


ಹೆಗ್ಗಡದೇವನಕೋಟೆ
೧೯ ಜುಲೈ ೧೯೩೬

ಸಿದ್ದಲಿಂಗೂ,

ನೀನು ಜ್ವರದ ಹೆಸರೆತ್ತಿದೆ, ಅದು ಬಂದೇಬಿಟ್ಟಿತು. ನಾಲ್ಕು ಕಂಬಳಿ ಹೊದ್ದರೂ ನಡುಗುತ್ತಿದ್ದೆ. ಈಗ ಕ್ವಿನೈನು ನುಂಗಿ ನುಂಗಿ ಬಾಯೆಲ್ಲ ಬೇವಾಗಿದೆ. ಶಾಲೆಗೆ ಬೀಗ ಬಿದ್ದು ಹುಡುಗರಿಗೆ ಹಬ್ಬ. ಜವಾನ ಚಾಮಯ್ಯ ಗಂಜಿ ತಂದುಕೊಟ್ಟು, "ಮೇಷ್ಟ್ರೇ, ನೀವು ಬ್ಯಾಗ ಉಸಾರಾಗ್ಬ್ಯಾಡಿ ಅಂತ ಐಕ್ಳು ಮಾರಮ್ಮಂಗೆ ಅರಕೆ ಕಟ್ಟವ್ರೆ" ಎಂದು ಹೇಳಿ ಹೋದ.

ಹೆಣ್ಣೆಂದು ಮುಖ ಸಣ್ಣ ಮಾಡಲಿಲ್ಲ. ಊರಿಗೆಲ್ಲ ಬೆಲ್ಲ ಹಂಚಿದೆ, ಬೇಕಾದರೆ ಚಾಮಯ್ಯನನ್ನು ಕೇಳು.

ಕಿವಿಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಹೆರಿಗೆಯ ನಿಶ್ಶಕ್ತಿ. ಹತ್ತಿ ಕಿತ್ತು ಹಾಕುವ ಕಿತಾಪತಿ ಮಾಡದೆ ಅತ್ತೆ ಹೇಳಿದ ಹಾಗೆ ಇರು. ನನ್ನ ಮಾತು ಕೇಳದಿರುವುದಕ್ಕೆ ನಿನಗೆ ಮೊದಲೂ ಕಾರಣ ಬೇಕಾಗಿರಲಿಲ್ಲ, ಈಗ ಒಂದು ಸಿಕ್ಕಿತು ಅಷ್ಟೆ.

ಮಗುವಿಗೆ ವಿಮಲ ಎಂದು ಹೆಸರಿಡಬೇಕೆಂದು ನನ್ನ ಆಸೆ. ರಾವಂದೂರಿನ ಅಕ್ಕನಿಗೆ ಸತ್ತುಹೋದ ನಮ್ಮವ್ವನ ಹೆಸರೇ ಆಗಬೇಕು, ನಿಂಗಮ್ಮ. ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಮಗುವಿನ ಕಿವಿಯಲ್ಲಿ ಏನು ಹೇಳುತ್ತಾಳೋ ಅದೇ ಹೆಸರು. ನಮ್ಮ ಚಿಕ್ಕಸಿದ್ದಮ್ಮಕ್ಕ ಯಾರ ಮಾತು ಕೇಳಿದವಳು? ನೋಡೋಣ. ಜ್ವರ ಬಿಟ್ಟರೆ ನಾನೂ ಬರುತ್ತೇನೆ.

ನಿನ್ನವನು
ಶಿವನಂಜಪ್ಪ


ಗಾವಡಗೆರೆ
೪ ಆಗಸ್ಟ್ ೧೯೩೬

ಯಜಮಾನರಿಗೆ,

ನಮಸ್ಕಾರ. ಜ್ವರ ಬಿಟ್ಟಿದೆಯೇ? ಬಿಡದಿದ್ದರೂ ಈ ಕಾಗದವನ್ನು ಪೂರ್ತಿ ಓದಿ.

ನನಗೆ ಏನೂ ಕೇಳಿಸುತ್ತಿಲ್ಲ. ಹತ್ತಿ ಇಟ್ಟರೂ ಒಂದೇ ತೆಗೆದರೂ ಒಂದೇ. ಹೋದ ಕಾಗದ ಬರೆಯುವಾಗ ಹತ್ತಿರ ಬಂದು ಕೂಗಿದರೆ ತಿಳಿಯುತ್ತಿತ್ತು, ಈಗ ಅದೂ ಇಲ್ಲ. ಜೀರುಂಡೆಯೊಂದು ಮಾತ್ರ ಬಿಟ್ಟಿಲ್ಲ. ಮಗು ಪಕ್ಕದಲ್ಲೇ ಅಳುತ್ತದೆ. ಬಾಯಿ ತೆರೆದಿರುತ್ತದೆ, ಮುಖ ಕೆಂಪಾಗಿರುತ್ತದೆ, ಕಾಲು ಒದೆಯುತ್ತದೆ. ನೋಡಿದಾಗಲೇ ನನಗೆ ಗೊತ್ತಾಗುವುದು. ನಾನು ಕಣ್ಣು ಮುಚ್ಚುವುದಕ್ಕೆ ಹೆದರುತ್ತೇನೆ.

ಅವ್ವನಿಗೆ ಕೊನೆಗೂ ಅರ್ಥವಾಯಿತು. ಹಿಂದಿನಿಂದ ಬಂದು ಹಿತ್ತಾಳೆ ತಟ್ಟೆಯನ್ನು ನೆಲಕ್ಕೆ ಹಾಕಿದ್ದಾಳೆ, ನಾನು ತಿರುಗಲಿಲ್ಲ. ತಟ್ಟೆ ನನ್ನ ಕಾಲ ಹತ್ತಿರ ಉರುಳಿ ಬಂದ ಮೇಲೆ ನೋಡಿದೆ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಅವತ್ತಿನಿಂದ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ತುಂಬೆ ರಸ, ಯಾರೋ ಹೇಳಿದ ಇನ್ನೊಂದು ಎಲೆಯ ರಸ. ಹುಯ್ದ ಮೇಲೆ ಮತ್ತೆ ಹತ್ತಿ. ಹುಣಸೂರಿನ ಆಸ್ಪತ್ರೆಗೆ ಹೋಗೋಣ ಎಂದರೆ ಕೈಯಾಡಿಸಿ, ಹೊರಗೆ ಮಳೆ ತೋರಿಸಿ, ನನ್ನ ತಲೆಯ ಬಟ್ಟೆಯನ್ನು ಇನ್ನೂ ಬಿಗಿ ಮಾಡುತ್ತಾಳೆ. ಹಸಿ ಬಾಣಂತಿ ಗಾಡಿಯಲ್ಲಿ ಕೂತು ಗಾಳಿಗೆ ಮೈಯೊಡ್ಡಿದರೆ ಸತ್ತೇಹೋಗುತ್ತಾಳೆ ಎಂದು ಅವಳ ನಂಬಿಕೆ. ನಿಮ್ಮ ಅಕ್ಕನಿಗೆ ತಿಳಿಯಬಾರದು ಎಂದೂ ತುಟಿಯ ಮೇಲೆ ಬೆರಳಿಟ್ಟು ರಾವಂದೂರಿನ ಕಡೆಗೆ ಕೈ ತೋರಿಸಿ ಹೇಳಿದ್ದಾಳೆ. ನಾನು ನಿಮಗೆ ಬರೆಯುತ್ತಿರುವುದೂ ಅವಳಿಗೆ ಗೊತ್ತಿಲ್ಲ.

ನೀವು ಬನ್ನಿ. ಇಲ್ಲವಾದರೆ ಅಣ್ಣನಿಗಾದರೂ ಬರೆಯಿರಿ.

ಸಿದ್ದಲಿಂಗಮ್ಮ


ಹೆಗ್ಗಡದೇವನಕೋಟೆ
೯ ಆಗಸ್ಟ್ ೧೯೩೬

ಭಾವ ಹುಚ್ಚಯ್ಯನವರಿಗೆ ಶಿವನಂಜಪ್ಪನ ನಮಸ್ಕಾರ.

ಈ ಕಾಗದವನ್ನು ಶಾಲೆಯ ಮೇಷ್ಟ್ರ ಹತ್ತಿರ ಓದಿಸಿಕೊಳ್ಳಿ. ನಿಮ್ಮ ತಂಗಿಗೆ ಕಿವಿ ಕೇಳಿಸುತ್ತಿಲ್ಲ. ಹತ್ತಿಯಿಂದ ಅಲ್ಲ. ಇಲ್ಲಿಯ ಕಾಂಪೌಂಡರನ್ನು ಕೇಳಿದೆ. ಇದ್ದಕ್ಕಿದ್ದ ಹಾಗೆ ಹೋದ ಕಿವಿಯನ್ನು ಬೇಗ ತೋರಿಸಬೇಕು, ತಡಮಾಡಿದಷ್ಟೂ ಆಸೆ ಕಡಿಮೆ ಅನ್ನುತ್ತಾರೆ. ಗಾಡಿಗೆ ಕಮಾನು ಕಟ್ಟಿ, ನಾಲ್ಕು ಕಂಬಳಿ ಹೊದಿಸಿ, ಹೇಗಾದರೂ ಮಾಡಿ ಹುಣಸೂರಿಗೆ ಕರೆದುಕೊಂಡು ಹೋಗಿ. ನಾನೇ ಬರುತ್ತಿದ್ದೆ. ನಿನ್ನೆ ಎದ್ದು ಬಾಗಿಲವರೆಗೆ ಬಂದು ಅಲ್ಲೇ ಬಿದ್ದೆ. ಅತ್ತೆಯವರ ಮೇಲೆ ನನಗೆ ಕೋಪವಿಲ್ಲ. ಮೊದಲು ನಾನೂ ಅವರು ಹೇಳಿದ್ದನ್ನೇ ಬರೆದೆ. ಕೈಮುಗಿಯುತ್ತೇನೆ.

ಶಿವನಂಜಪ್ಪ


ಗಾವಡಗೆರೆ
೧೭ ಆಗಸ್ಟ್ ೧೯೩೬

ಶಿವನಂಜಪ್ಪನವರಿಗೆ ಹುಚ್ಚಯ್ಯನ ಶರಣು. ಇಲ್ಲಿಯ ಮೇಷ್ಟ್ರು, ನಾನು ಹೇಳಿದ ಹಾಗೇ ಬರೆಯುತ್ತೇನೆ ಅಂತ ಒಪ್ಪಿದ್ದಾರೆ.

"ನಿಮ್ ಕಾಗ್ದ ಓದುಸ್ಕಂಡೆ ಮೇಷ್ಟ್ರೇ. ಎದೆ ಒಡ್ದೋಯ್ತು. ಅವತ್ತೇ ಗಾಡಿ ಕಟ್ದೆ. ಅವ್ವ ನೊಗದ ಮುಂದೆ ಬಂದು ಮಲೀಕಂಡ್ಳು. 'ನಿಮ್ಮಪ್ಪನ ಒಡಹುಟ್ದೋಳು ಬಾಣಂತೀಲಿ ಗಾಳಿ ಒಕ್ಕಂಡೇ ಸತ್ತಿದ್ದು ಕಣ್ಲಾ, ಇವ್ಳನ್ನೂ ಕೊಂದ್ಬುಡು' ಅಂದ್ಳು. ಏನ್ ಮಾಡ್ಲಿ ಏಳಿ. ಎತ್ತು ಬಿಚ್ದೆ. ಅವ್ವಂಗೂ ಕಣ್ಣು ಮಂಜಾಯ್ತಾ ಅದೆ, ಪೊರೆ ಬಂದದೆ, ಗೋಡೆ ಸವರ್ಕಂಡು ತಿರಗ್ತಾಳೆ. ಆದ್ರೂವೆ ಹಟ ಬುಡಾಕಿಲ್ಲ. ಬರೋ ವಾರ ತೊಟ್ಲು ಶಾಸ್ತ್ರ ಅದೆ. ಅದೊಂದು ಆಗ್ಲಿ, ಆಮೇಕೆ ಕರ್ಕಂಡೋಗು ಅಂದವ್ಳೆ. ಆಮೇಕೆ ಅವ್ಳಪ್ಪ ಬಂದ್ರೂ ನಾ ನಿಲ್ಲಾಕಿಲ್ಲ. ಸಿದ್ದು ನನ್ ಮಕಾನೇ ನೋಡ್ತದೆ. ಅದ್ಕೇ ನಾನು ಒಳೀಕೆ ಓಗೋದೇ ಬುಟ್ಟಿವ್ನಿ."

ಇಷ್ಟು ಅವರು ಹೇಳಿದ್ದು. ಹೇಳಿ ಮುಗಿಸಿ ಬಹಳ ಅತ್ತರು ಎಂದು ನಾನು ಸೇರಿಸಿದ್ದೇನೆ.

ಹುಚ್ಚಯ್ಯನ ಹೆಬ್ಬೆಟ್ಟಿನ ಗುರುತು


ಗಾವಡಗೆರೆ
೫ ಸೆಪ್ಟೆಂಬರ್ ೧೯೩೬

ಯಜಮಾನರಿಗೆ,

ನಮಸ್ಕಾರ. ಮೊದಲು ತೊಟ್ಟಿಲಿನ ವಿಷಯ. ನಿಮ್ಮ ಅಕ್ಕ ಬಂದಿದ್ದರು. ಕಿವಿ ಕೇಳಿಸದಿರುವುದು ಗೊತ್ತಾಗಬಾರದೆಂದು ಅವ್ವ ನನ್ನನ್ನು ಅಲಂಕಾರ ಮಾಡಿ ತೊಟ್ಟಿಲ ಪಕ್ಕದಲ್ಲೇ ಕೂರಿಸಿದಳು. ಯಾರಾದರೂ ನನ್ನ ಕಡೆ ನೋಡಿದರೆ ನಕ್ಕೆ. ತಲೆಯಾಡಿಸಿದವರಿಗೆಲ್ಲ ನಾನೂ ತಲೆಯಾಡಿಸಿದೆ. ಅಕ್ಕ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು, ಎಲ್ಲರೂ ಅವರ ಬೆನ್ನಿಗೆ ಮೆಲ್ಲಗೆ ಗುದ್ದಿ ನಕ್ಕರು, ನಾನೂ ನಕ್ಕೆ. ನನ್ನ ಮಗಳ ಹೆಸರೇನು ಎಂದು ನನಗೆ ಗೊತ್ತಿಲ್ಲ.

ಮನೆಯಲ್ಲಿ ಯಾರಿಗೂ ಅಕ್ಷರ ಬಾರದು. ತುಟಿ ನೋಡಿದರೆ ಒಂದೂ ತಿಳಿಯುವುದಿಲ್ಲ. ಮಗುವಿನ ಹೆಸರು ಬರೆದುಕೊಡಿ ಎಂದು ಹೆತ್ತವಳು ಊರ ಮೇಷ್ಟ್ರ ಮನೆಗೆ ಹೋಗಿ ನಿಲ್ಲಲೇ? ನೀವೇ ಬರೆಯಿರಿ.

ಮಾರನೆಯ ದಿನ ಅಣ್ಣ ಹುಣಸೂರಿಗೆ ಕರೆದುಕೊಂಡು ಹೋದ. ಅವ್ವ ಅಡ್ಡ ಬರಲಿಲ್ಲ, ಜೊತೆಗೇ ಬಂದಳು. ಡಾಕ್ಟರು ಒಳ್ಳೆಯವರು. ನನಗೆ ಓದು ಬರುತ್ತದೆ ಎಂದು ತಿಳಿದು ಕಾಗದದ ಮೇಲೆ ಬರೆದು ಬರೆದು ಕೇಳಿದರು. ಯಾವಾಗ ಹೋಯಿತು, ತಲೆ ಸುತ್ತಿತೇ, ಒಳಗೆ ಸದ್ದು ಇದೆಯೇ, ಜ್ವರಕ್ಕೆ ಕ್ವಿನೈನು ತಿಂದಿದ್ದೆಯಾ. ಇಕ್ಕಳದಂಥ ಒಂದು ಕಬ್ಬಿಣವನ್ನು ಬಡಿದು ನನ್ನ ಹಣೆಗೆ ಇಟ್ಟರು. ಅದು ನಡುಗುವುದು ತಿಳಿಯಿತು, ದನಿ ತಿಳಿಯಲಿಲ್ಲ.

ಅವರು ಬರೆದದ್ದು ಇಷ್ಟು. ಇಂಥ ಕಿವುಡು ಯಾಕೆ ಬರುತ್ತದೆ ಎಂದು ಅವರಿಗೂ ಸರಿಯಾಗಿ ತಿಳಿಯದು. ಕೆಲವರಿಗೆ ತಾನಾಗಿ ವಾಸಿಯಾಗುತ್ತದೆ. ಸ್ವಲ್ಪವಾದರೂ ಕೇಳಿಸುತ್ತಿದ್ದರೆ ಆಸೆ ಹೆಚ್ಚು, ಪೂರ್ತಿ ಹೋಗಿದ್ದರೆ ಕಡಿಮೆ, ತಲೆಸುತ್ತಿನ ಜೊತೆ ಹೋಗಿದ್ದರೆ ಇನ್ನೂ ಕಡಿಮೆ. ಬರುವುದಾದರೆ ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಬರುತ್ತದೆ. ನನಗೆ ವಯಸ್ಸು ಚಿಕ್ಕದು, ಅದೊಂದು ಒಳ್ಳೆಯದು. ಬೇಗ ಬಂದಿದ್ದರೆ ವಾಸಿಯಾಗುತ್ತಿತ್ತೇ ಎಂದು ಕೇಳಿದೆ. ಹೇಳಲಾರೆ ಎಂದು ಬರೆದರು. ಒಂದು ಔಷಧಿ ಕೊಟ್ಟಿದ್ದಾರೆ.

ಗಾಡಿಯಲ್ಲಿ ಬರುವಾಗ ಅವ್ವ ನನ್ನ ಕೈ ಹಿಡಿದು ಏನೋ ಕೇಳಿದಳು. ನಾನು ಅವಳ ತುಟಿ ನೋಡಿದೆ. ಮತ್ತೆ ಕೇಳಿದಳು. ಕೇಳುತ್ತಾ ಕೇಳುತ್ತಾ ನನ್ನ ಕಿವಿಯನ್ನು ಮುಟ್ಟಿದಳು, ಆಮೇಲೆ ತನ್ನ ಎದೆಯನ್ನು ಮುಟ್ಟಿಕೊಂಡಳು. ಮಾತು ಕೇಳಿಸದಿದ್ದರೂ ಪ್ರಶ್ನೆ ತಿಳಿಯಿತು. ಇಲ್ಲವ್ವಾ, ನಿನ್ನ ಹತ್ತಿಯಿಂದ ಅಲ್ಲ, ಡಾಕ್ಟರು ಬರೆದಿದ್ದಾರೆ ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೋ, ಅಣ್ಣ ಎತ್ತು ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡಿದ.

ಸಿದ್ದಲಿಂಗಮ್ಮ


ಹೆಗ್ಗಡದೇವನಕೋಟೆ
೧೪ ಸೆಪ್ಟೆಂಬರ್ ೧೯೩೬

ಸಿದ್ದಲಿಂಗೂ,

ನಮ್ಮ ಮಗಳ ಹೆಸರು ವಿಮಲ.

ಜ್ವರ ಮತ್ತೆ ಮರುಕಳಿಸಿದೆ ಎಂದು ಕೇಳಿ ಅಕ್ಕ ಇಲ್ಲಿಗೆ ಬಂದಿದ್ದಳು. ನಿನ್ನ ನಗು ಅವಳಿಗೆ ಅಲ್ಲೇ ಗೊತ್ತಾಗಿತ್ತು. "ಮೊದ್ಲು ಅವ್ವನ ಹೆಸ್ರೇ ಮಡಗಾನ ಅಂತ ಬಗ್ಗಿದೆ ಕಣ್ಲಾ. ಬಗ್ಗಿ ಆ ಹುಡ್ಗಿ ಮಕ ನೋಡ್ದೆ. ಏನೂ ಕೇಳಿಸ್ದಿದ್ರೂ ನಗ್ತಾ ಕುಂತದೆ. ಅವ್ರಿಷ್ಟದ ಹೆಸ್ರೇ ಇರ್ಲಿ ಅಂತ ವಿಮಲ ಅಂದ್ಬುಟ್ಟೆ" ಎಂದಳು. ನೀನು ಜನರ ಮಾತು ಕೇಳಿ ಬಹಳ ದಿನವಾಯಿತು. ಅದಕ್ಕೇ ಅವಳು ಆಡಿದ ಹಾಗೇ ಬರೆದಿದ್ದೇನೆ.

ಇನ್ನೊಂದು ಮಾತನ್ನೂ ಆಡಿದಳು. ಅದನ್ನು ಬರೆಯದೆ ಇರಬಹುದಿತ್ತು. ಬರೆಯದಿದ್ದರೆ ನಾನೂ ನಿನ್ನನ್ನು ತೊಟ್ಟಿಲ ಪಕ್ಕ ನಗುತ್ತಾ ಕೂರಿಸಿದ ಹಾಗಾಗುತ್ತದೆ. "ಕೂಸು ಅತ್ರೆ ಕೇಳಿಸ್ದೋಳು, ಕಣ್ಣು ಕಾಣ್ದ ಮುದ್ಕಿ. ಇಬ್ರ ಮಧ್ಯೆ ಕೂಸು ಬುಟ್ಟು ನೀ ಇಲ್ಲಿ ಎಂಗೆ ನಿದ್ದೆ ಮಾಡ್ತೀಯ? ಸಂಕ್ರಾಂತಿಗಂಟ ನೋಡು. ಕಿವಿ ಬಂದ್ರೆ ಸರಿ. ಬರ್ದಿದ್ರೆ ಕೂಸ್ನ ನನ್ ತಾವ ಬುಡು. ನಮ್ಮನೇಲಿ ಹತ್ತು ಜನ ಅವ್ರೆ" ಅಂದಳು. ನಾನು ಆಗಲಿ ಅನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ದಸರಾ ರಜಕ್ಕೆ ಬರುತ್ತೇನೆ. ಔಷಧಿ ಬಿಡಬೇಡ.

ನಿನ್ನ
ಶಿವನಂಜಪ್ಪ


ಗಾವಡಗೆರೆ
೨೦ ನವೆಂಬರ್ ೧೯೩೬

ಯಜಮಾನರಿಗೆ,

ನಮಸ್ಕಾರ. ನೀವು ಬಂದು ಹೋದ ಮೇಲೆ ಬರೆಯಲು ಕೂತಾಗಲೆಲ್ಲ ಕೆರೆ ಏರಿಯ ಮೇಲೆ ನಡೆದದ್ದು ನೆನಪಾಗುತ್ತದೆ. ನೀವು ಅಭ್ಯಾಸದಿಂದ ನನ್ನ ಎಡಗಡೆಗೆ ಬಂದಿರಿ, ಮಾತಾಡುತ್ತಲೇ ಇದ್ದಿರಿ. ಕೇಳಿಸುವುದಿಲ್ಲ ಎಂದು ನೆನಪಿಸಲು ನನಗೆ ಮನಸ್ಸಾಗಲಿಲ್ಲ. ಅವತ್ತು ಏನು ಹೇಳಿದಿರಿ?

ಔಷಧಿ ಮುಗಿಯಿತು. ಎರಡನೆಯ ಸಲ ಹೋದಾಗ ಡಾಕ್ಟರು ಹಣೆಗೆ ಕಬ್ಬಿಣ ಇಟ್ಟು ನೋಡಿ, ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದರು. ಹಾಲು ಕರೆಯುವಾಗ, ರಾಗಿ ಕೇರುವಾಗ, ಈಗ ಕೇಳಿಸಿತು ಎಂದು ಎಷ್ಟೋ ಸಲ ಅನ್ನಿಸುತ್ತದೆ. ಎದ್ದು ಹೋಗಿ ಬಾಗಿಲು ನೋಡುತ್ತೇನೆ. ಯಾರೂ ಇರುವುದಿಲ್ಲ.

ಸಂಕ್ರಾಂತಿ ಬರುತ್ತಿದೆ ಎಂದು ನಾನು ಸುಮ್ಮನೆ ಕೂತಿಲ್ಲ. ನನ್ನ ಮದುವೆಯ ಕೆಂಪು ಸೀರೆ ಹರಿದಿತ್ತಲ್ಲ, ಅದರ ಅಂಚನ್ನು ಉದ್ದಕ್ಕೆ ಸೀಳಿ, ಒಂದು ತುದಿಯನ್ನು ವಿಮಲನ ಕಾಲಿಗೆ ಮೆತ್ತಗೆ ಕಟ್ಟಿ, ಇನ್ನೊಂದನ್ನು ನನ್ನ ಮುಂಗೈಗೆ ಸುತ್ತಿಕೊಂಡು ಮಲಗುತ್ತೇನೆ. ಅತ್ತರೆ ಒದೆಯುತ್ತಾಳೆ, ನನಗೆ ಎಚ್ಚರವಾಗುತ್ತದೆ. ಮೊದಮೊದಲು ಅಲುಗಿಸಿ ಎಬ್ಬಿಸಲು ಬರುತ್ತಿದ್ದ ಅವ್ವ ಈಗ ನಾನಾಗಲೇ ಹಾಲು ಕೊಡುತ್ತಿರುವುದನ್ನು ತಡವಿ ನೋಡಿ ಹೋಗುತ್ತಾಳೆ. ಇದನ್ನು ಅಕ್ಕನಿಗೆ ಹೇಳಿ.

ಇನ್ನೊಂದು ಸಂತೋಷದ ಸುದ್ದಿ. ಇವಳಿಗೂ ನನ್ನ ಹಾಗೇ ಆಗಿದ್ದರೆ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ನಿನ್ನೆ ಅವಳ ಹಿಂದೆ ನಿಂತು ವಿಮಲಾ ಎಂದೆ. ತಿರುಗಿದಳು. ಆ ಕಡೆ ಹೋಗಿ ಮತ್ತೆ ಅಂದೆ, ಆ ಕಡೆ ತಿರುಗಿದಳು. ಅವಳು ಸಾಕಾಗಿ ಅಳುವವರೆಗೂ ಕರೆದೆ. ನನ್ನ ದನಿ ಎಲ್ಲಿಗೋ ಹೋಗಿ ಮುಟ್ಟುತ್ತಿದೆ ಎಂದು ಎಷ್ಟು ಹಿತವಾಯಿತು!

ಸಿದ್ದಲಿಂಗಮ್ಮ


ಹೆಗ್ಗಡದೇವನಕೋಟೆ
೬ ಡಿಸೆಂಬರ್ ೧೯೩೬

ಸಿದ್ದಲಿಂಗೂ,

ಏರಿಯ ಮೇಲೆ ಏನು ಹೇಳಿದೆ ಎಂದು ಕೇಳಿದ್ದೀಯೆ. ಹುಣಸೂರಿನ ಕಡೆಗೆ ವರ್ಗ ಮಾಡಿಕೊಡಿ ಎಂದು ಅರ್ಜಿ ಹಾಕಿದ್ದೇನೆ ಅಂದೆ. ಆ ಅರ್ಜಿ ವಾಪಸು ಬಂದಿದೆ. ಈ ಚಳಿಜ್ವರದ ಊರಿಗೆ ಬೇರೆ ಮೇಷ್ಟ್ರು ಸಿಕ್ಕುವುದಿಲ್ಲವಂತೆ. ನಿನಗೆ ಕೇಳಿಸದೇ ಇದ್ದದ್ದು ಒಳ್ಳೆಯದಾಯಿತು, ಸುಮ್ಮನೆ ಆಸೆ ಪಡುತ್ತಿದ್ದೆ.

ಸೀರೆಯ ಅಂಚಿನ ಸುದ್ದಿಯನ್ನು ಅಕ್ಕನಿಗೆ ಹೇಳಿ ಕಳಿಸಿದೆ. "ಜಾಣೆ. ಆದ್ರೆ ಕೂಸು ಯಾವತ್ತೂ ತೊಟ್ಲಲ್ಲೇ ಇದ್ದದಾ?" ಎಂದು ಹೇಳಿ ಕಳಿಸಿದ್ದಾಳೆ. ನೀನೂ ಮಗುವೂ ಇಬ್ಬರೂ ರಾವಂದೂರಿನಲ್ಲೇ ಇದ್ದರೆ ಆಗದೇ? ಯೋಚನೆ ಮಾಡು.

ನಿನ್ನ
ಶಿವನಂಜಪ್ಪ


ಗಾವಡಗೆರೆ
೯ ಜನವರಿ ೧೯೩೭

ಯಜಮಾನರಿಗೆ,

ನಮಸ್ಕಾರ. ವಿಮಲ ಅಂಬೆಗಾಲಿಡುತ್ತಿದ್ದಾಳೆ. ಎಲ್ಲರ ಮನೆಯಲ್ಲೂ ಇದಕ್ಕೆ ಪಾಯಸ ಮಾಡುತ್ತಾರೆ. ಅಣ್ಣ ಬೆಳ್ಳಿಯ ಗೆಜ್ಜೆ ತಂದು ಕಾಲಿಗೆ ಕಟ್ಟಿ, ಇನ್ನು ಎಲ್ಲಿದ್ದರೂ ತಿಳಿಯುತ್ತದೆ ಎಂಬಂತೆ ನನ್ನನ್ನು ನೋಡಿ ನಕ್ಕ. ಆಮೇಲೆ ಅವನಿಗೇ ನೆನಪಾಯಿತು. ಬಿಚ್ಚಲು ಬಗ್ಗಿದ, ನಾನು ಬೇಡವೆಂದೆ.

ಮೊನ್ನೆ ರಾಗಿ ಬೀಸುತ್ತಾ ಕೂತಿದ್ದೆ. ಅವಳನ್ನು ಎದುರಿಗೇ ಕೂರಿಸಿಕೊಂಡಿದ್ದೆ. ಒಂದು ಹಿಡಿ ಕಾಳು ಹಾಕಿ ತಲೆಯೆತ್ತುವಷ್ಟರಲ್ಲಿ ಇರಲಿಲ್ಲ. ಅವ್ವನ ಹತ್ತಿರ ಹೋದಳು ಎಂದುಕೊಂಡೆ. ಇನ್ನೊಂದು ಹಿಡಿ ಹಾಕಿದೆ. ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದ ಹಾಗಾಗಿ ತಿರುಗಿದರೆ ಪಕ್ಕದ ಮನೆಯವರೆಲ್ಲ ಓಡಿ ಬರುತ್ತಿದ್ದರು. ನನ್ನ ಬೆನ್ನ ಹಿಂದೆಯೇ ನೀರೊಲೆಯ ಬೂದಿಯಲ್ಲಿ ಕೈಯಿಟ್ಟುಕೊಂಡು ವಿಮಲ ಬಾಯಿ ತೆರೆದಿದ್ದಳು. ಅವ್ವ ಜಗಲಿಯಿಂದ ಕೂಗುತ್ತಾ, ಗೋಡೆ ಸವರುತ್ತಾ ಬಂದು ಹೊಸ್ತಿಲಿಗೆ ಎಡವಿ ಬಿದ್ದಿದ್ದಳು. ಎಲ್ಲರಿಗಿಂತ ಹತ್ತಿರ ಇದ್ದವಳು ನಾನು, ಎಲ್ಲರಿಗಿಂತ ಕೊನೆಗೆ ತಿರುಗಿದವಳೂ ನಾನು. ಎಷ್ಟು ಹೊತ್ತಿನಿಂದ ಅಳುತ್ತಿದ್ದಳು ಎಂದು ಅಣ್ಣನನ್ನು ಕೇಳಿದೆ. ಅವನು ಬೇರೆ ಕಡೆ ನೋಡಿದ.

ಅಂಗೈ ಬೊಬ್ಬೆಯಾಗಿದೆ. ಮರಮ್ಮ ಜೇನುತುಪ್ಪ ಹಚ್ಚಿದ್ದಾಳೆ. ಮಾಯುತ್ತದೆ, ಹೆದರಬೇಡಿ. ಬೆರಳು ಮಡಿಸುತ್ತಾಳೆ, ನಾನೇ ನೋಡಿದ್ದೇನೆ.

ನಾನೂ ರಾವಂದೂರಿಗೆ ಹೋಗಿರಬಹುದು ಎಂದು ಬರೆದಿದ್ದಿರಿ. ಅವ್ವನಿಗೆ ಈಗ ಅನ್ನದ ತಟ್ಟೆಯೂ ಕಾಣುವುದಿಲ್ಲ. ಅಣ್ಣನಿಗೆ ಹೆಂಡತಿ ಇಲ್ಲ. ಬಿದ್ದ ದಿನದಿಂದ ಅವ್ವ ಏಳುವುದಕ್ಕೂ ನನ್ನ ಭುಜ ಬೇಕು. ಅವಳನ್ನು ಬಿಟ್ಟು ಹೇಗೆ ಬರಲಿ? ಹತ್ತಿಯದು ತಪ್ಪಲ್ಲ ಎಂದು ನಾನು ಹೇಳಿದ್ದು ಅವಳು ಇನ್ನೂ ನಂಬಿಲ್ಲ. ನಾನೂ ಮಗುವೂ ಒಟ್ಟಿಗೇ ಹೊರಟುಬಿಟ್ಟರೆ ಎಂದಿಗೂ ನಂಬುವುದಿಲ್ಲ.

ಅಕ್ಕನಿಗೆ ಹೇಳಿ ಕಳಿಸಿ. ಹಬ್ಬದ ಮಾರನೆಯ ದಿನ ಬಂದು ಕರೆದುಕೊಂಡು ಹೋಗಲಿ. ನಾನು ಅಳುವುದಿಲ್ಲ, ಅತ್ತರೆ ಎಷ್ಟು ಜೋರಾಗಿ ಅಳುತ್ತೇನೋ ನನಗೆ ತಿಳಿಯುವುದಿಲ್ಲ, ಮಗು ಹೆದರುತ್ತದೆ. ರಾಗಿ ಸರಿ ಚೆನ್ನಾಗಿ ತಿನ್ನುತ್ತಾಳೆ. ಬೆಲ್ಲ ಜಾಸ್ತಿ ಹಾಕುವುದು ಬೇಡ. ಹಿಂದಿನಿಂದ ಕರೆದರೆ ಗಾಬರಿಯಾಗುತ್ತಾಳೆ, ಎದುರಿಗೆ ಬಂದು ಕರೆಯಲಿ.

ಆ ಸೀರೆಯ ಅಂಚನ್ನೂ ಬಟ್ಟೆಯ ಜೊತೆ ಕಳಿಸುತ್ತೇನೆ. ಕಾಲಿಗೆ ಕಟ್ಟದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ, ಅಭ್ಯಾಸವಾಗಿಬಿಟ್ಟಿದೆ. ಅಕ್ಕ ಅದನ್ನು ಕಟ್ಟಿ ಮಲಗಿಸಲಿ. ಇನ್ನೊಂದು ತುದಿಯನ್ನು ಎಲ್ಲಿಗೆ ಕಟ್ಟಿದರೂ ಆಗುತ್ತದೆ.

ಸಿದ್ದಲಿಂಗಮ್ಮ